ವೃತ್ತಿಯನ್ನೇ ದಾಸೋಹವಾಗಿಸಿದ ಗೃಹಸ್ಥ: ಡಾ. ಫ. ಗು. ಹಳಕಟ್ಟಿಯವರು

ಸಂಸಾರಿಯಾದವನಿಗೆ ಧರ್ಮಸೇವೆಗೆ ಹೊತ್ತೆಲ್ಲಿ ಎಂಬ ಪ್ರಶ್ನೆ ನಮ್ಮ ಸದ್ಭಕ್ತರಲ್ಲಿ ಅನೇಕರ ಮನಸ್ಸನ್ನು ಕಾಡುತ್ತಿರುವುದು ಸಹಜವೇ ಆಗಿದೆ. ಬೆಳಗಿನಿಂದ ಬೈಗಿನವರೆಗೆ ಅಂಗಡಿ, ಕಚೇರಿ, ಹೊಲಮನೆಗಳ ಚಿಂತೆ. ರಾತ್ರಿಯಾದರೆ ಮಕ್ಕಳ ವಿದ್ಯೆ, ಮದುವೆ, ಸಾಲಸೋಲಗಳ ಯೋಚನೆ. ಆದುದರಿಂದ ಕೆಲವರು ಧರ್ಮಕಾರ್ಯವನ್ನು ಮುಪ್ಪಿನ ಕಾಲಕ್ಕೆಂದು ತೆಗೆದಿರಿಸುತ್ತಾರೆ. ಮತ್ತೆ ಕೆಲವರು ವರ್ಷಕ್ಕೊಮ್ಮೆ ಜಾತ್ರೆಯಲ್ಲಿ ಕಾಣಿಕೆಯನ್ನರ್ಪಿಸಿ ತಮ್ಮ ಕರ್ತವ್ಯವು ತೀರಿತೆಂದು ಸಮಾಧಾನ ಹೊಂದುತ್ತಾರೆ. ಶರಣರಾದರೋ ಕಾಯಕವನ್ನೂ ದಾಸೋಹವನ್ನೂ ಬೇರೆ ಬೇರೆಯೆಂದು ಬಗೆದವರಲ್ಲ. ಯಾವ ಕೈಯಿಂದ ಹೊಟ್ಟೆಯ ಅನ್ನವನ್ನು ಗಳಿಸುತ್ತೇವೆಯೋ ಆ ಕೈಯ ನೈಪುಣ್ಯವೇ ಸಮಾಜಕ್ಕೆ ಸಲ್ಲಬೇಕೆಂಬುದು ಅವರ ಮತ. ಈ ತತ್ತ್ವವನ್ನು ನಮ್ಮ ಹಿರಿಯರ ಕಣ್ಣೆದುರಿಗೇ ಬಾಳಿ ತೋರಿಸಿದವರು ವಚನ ಪಿತಾಮಹರೆಂದು ನಾಡೆಲ್ಲ ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರು. ಅವರು ಮಠಾಧಿಪತಿಗಳಲ್ಲ, ಸಂನ್ಯಾಸಿಗಳಲ್ಲ. ವಕೀಲರು, ಬ್ಯಾಂಕನ್ನು ಕಟ್ಟಿದವರು, ಅಚ್ಚುಕೂಟವನ್ನು ನಡೆಸಿದವರು, ಹೆಂಡಿರು ಮಕ್ಕಳನ್ನುಳ್ಳ ಗೃಹಸ್ಥರು.

ಹಳಕಟ್ಟಿಯವರು 1880ನೆಯ ಇಸವಿ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಕನ್ನಡದಲ್ಲಿ ಗ್ರಂಥರಚನೆ ಮಾಡಿದವರು, ತಾಯಿ ದಾನಮ್ಮನವರು. ಬಾಲ್ಯದಲ್ಲಿಯೇ ತಾಯಿಯ ಅಗಲಿಕೆಯ ದುಃಖವು ಮಗುವಿಗೆ ಒದಗಿತು. ಆದರೆ ಅಕ್ಷರದ ಆದರವುಳ್ಳ ಮನೆಯಲ್ಲಿ ಬೆಳೆದುದರಿಂದ ಓದಿನ ಅಭಿರುಚಿಯು ಎಳವೆಯಲ್ಲಿಯೇ ಬೇರೂರಿತು. ಧಾರವಾಡದ ಶಿಕ್ಷಣವು ಮುಗಿದ ಬಳಿಕ ಅವರು ಮುಂಬಯಿಗೆ ತೆರಳಿ ಪದವೀಧರರಾಗಿ, 1904ರಲ್ಲಿ ಕಾಯಿದೆಯ ಪರೀಕ್ಷೆಯಲ್ಲಿಯೂ ಉತ್ತೀರ್ಣರಾದರು. ಮುಂಬಯಿಯ ವಾಸವು ಅವರಿಗೆ ಕಾಯಿದೆಯನ್ನು ಮಾತ್ರ ಕಲಿಸಲಿಲ್ಲ. ಗುಜರಾತಿ ಮತ್ತು ಮರಾಠಿ ಜನರು ತಮ್ಮ ನುಡಿಗಾಗಿ, ತಮ್ಮ ಸಾಹಿತ್ಯಕ್ಕಾಗಿ ತೋರುತ್ತಿದ್ದ ಅಭಿಮಾನವನ್ನು ಕಂಡು, ತಮ್ಮ ಜನರ ಹಿಂದುಳಿದ ಸ್ಥಿತಿಗಾಗಿ ಅವರು ಮನದಲ್ಲಿಯೇ ಮರುಗಿದರು. ಆ ಮರುಕವೇ ಮುಂದಿನ ಅರುವತ್ತು ವರ್ಷಗಳ ದುಡಿಮೆಗೆ ಬೀಜವಾಯಿತು.

ಬೆಳಗಾವಿಯಲ್ಲಿ ವಕೀಲಿಯನ್ನು ಆರಂಭಿಸಿದ ಅವರು ಸ್ವಲ್ಪ ಕಾಲದಲ್ಲಿಯೇ ವಿಜಾಪುರಕ್ಕೆ ಬಂದು ನೆಲೆನಿಂತರು. ಆಗಿನ ವಿಜಾಪುರ ಜಿಲ್ಲೆಯೆಂದರೆ ಮೇಲಿಂದ ಮೇಲೆ ಬರಗಾಲಕ್ಕೆ ತುತ್ತಾಗುತ್ತಿದ್ದ ಸೀಮೆ. ಶಾಲೆಗಳು ವಿರಳ, ಕುಡಿಯುವ ನೀರು ದುರ್ಲಭ. ಒಕ್ಕಲಿಗನೂ ನೇಕಾರನೂ ಸಾಹುಕಾರರ ಬಡ್ಡಿಯ ನೊಗದಡಿಯಲ್ಲಿ ನವೆಯುತ್ತಿದ್ದ ಕಾಲವದು. ಕಕ್ಷಿದಾರರು ತರುತ್ತಿದ್ದ ಕಾಗದಪತ್ರಗಳಲ್ಲಿಯೇ ತರುಣ ವಕೀಲನು ಈ ಬಡತನದ ನಿಜಸ್ವರೂಪವನ್ನು ಓದಬಹುದಾಗಿದ್ದಿತು. ಒಂದು ವ್ಯಾಜ್ಯವನ್ನು ಗೆದ್ದುಕೊಟ್ಟರೆ ಒಂದು ಮನೆತನವು ಉಳಿದೀತು. ಆದರೆ ಜನರನ್ನು ಸಾಲಕ್ಕೆ ದೂಡುವ ಕಾರಣವು ಹಾಗೆಯೇ ನಿಲ್ಲುವುದು.

ಆ ಕಾರಣಕ್ಕೆ ಕೈಹಚ್ಚಿದುದರಲ್ಲಿಯೇ ಹಳಕಟ್ಟಿಯವರ ದೂರದೃಷ್ಟಿಯು ಕಾಣುತ್ತದೆ. 1910ರಲ್ಲಿ ಅವರ ಮುಂದಾಳುತನದಲ್ಲಿ ವಿಜಾಪುರ ಜಿಲ್ಲಾ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆಯು ತಲೆಯೆತ್ತಿತು. ಈಗ ಬಿ.ಎಲ್.ಡಿ.ಇ. ಎಂಬ ಹೆಸರಿನಿಂದ ವೈದ್ಯಕೀಯ ಹಾಗೂ ಇಂಜಿನಿಯರಿಂಗ್ ವಿದ್ಯೆಗಳವರೆಗೆ ಕೊಂಬೆರೆಂಬೆಗಳನ್ನು ಚಾಚಿರುವ ಸಂಸ್ಥೆ ಅದೇ. 1912ರಲ್ಲಿ ಶ್ರೀ ಸಿದ್ಧೇಶ್ವರ ಸಹಕಾರಿ ಬ್ಯಾಂಕು ಸ್ಥಾಪಿತವಾಯಿತು. ಸಹಕಾರದ ಕಾಯಿದೆಯು ನಮ್ಮ ದೇಶಕ್ಕೆ ಬಂದುದು 1904ರಲ್ಲಿ. ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳುತನದಲ್ಲಿ ಮೊದಲ ಪತ್ತಿನ ಸಂಘವು ಹುಟ್ಟಿದುದು 1905ರಲ್ಲಿ. ಆ ಹೊಸ ಮಾರ್ಗದ ಬಲವನ್ನು ಬೇಗನೆ ಅರಿತವರಲ್ಲಿ ಹಳಕಟ್ಟಿಯವರೂ ಒಬ್ಬರು. ಸಹಕಾರಿ ಬ್ಯಾಂಕಿನ ಮರ್ಮವಾದರೂ ಏನು? ಹತ್ತಾರು ಜನರ ಸಣ್ಣ ಸಣ್ಣ ಪಾಲುಗಳನ್ನು ಒಂದುಗೂಡಿಸಿ, ಅವಶ್ಯಕತೆಯುಳ್ಳವನಿಗೆ ನ್ಯಾಯವಾದ ಬಡ್ಡಿಗೆ ಕೊಟ್ಟು, ಲೆಕ್ಕವನ್ನು ಎಲ್ಲರ ಮುಂದೆ ತೆರೆದಿಡುವುದು. ಅಲ್ಲಿ ನಿಜವಾದ ಮೂಲಧನವು ಹಣವಲ್ಲ, ವಿಶ್ವಾಸ. ಠೇವು ಇಟ್ಟವನು ತನ್ನ ಗಂಟು ಸುರಕ್ಷಿತವಾಗಿ ಮರಳುವುದೆಂದು ನಂಬಬೇಕು; ನಂಬಿಕೆಯು ಮುರಿದ ದಿನ ಬ್ಯಾಂಕಿನ ಬಾಗಿಲೂ ಮುಚ್ಚುವುದು.

ಆ ಬ್ಯಾಂಕು ಹೊತ್ತ ಹೆಸರು ವಿಜಾಪುರದ ಆರಾಧ್ಯದೈವವಾದ ಸಿದ್ಧೇಶ್ವರನದು, ಅಂದರೆ ಸೊನ್ನಲಿಗೆಯ ಸಿದ್ಧರಾಮೇಶ್ವರರದು. ಕೆರೆಯನ್ನು ಕಟ್ಟಿಸಿ ಜೀವರಾಶಿಗೆ ನೀರುಣಿಸಿದ ಆ ಶಿವಯೋಗಿಯ ಹೆಸರಿಗೆ ಸಂಸ್ಥೆಯ ಉದ್ದೇಶವು ಒಪ್ಪುವಂತೆಯೇ ಇದ್ದಿತು. ಪುರಸಭೆಯಲ್ಲಿದ್ದಾಗ ನಗರಕ್ಕೆ ಭೂತನಾಳ ಕೆರೆಯ ನೀರನ್ನು ಒದಗಿಸುವ ಕಾರ್ಯದಲ್ಲಿ ಹಳಕಟ್ಟಿಯವರು ವಹಿಸಿದ ಶ್ರಮವನ್ನು ವಿಜಾಪುರದ ಜನತೆಯು ಇಂದಿಗೂ ನೆನೆಯುತ್ತದೆ. 1920ರ ದಶಕದ ಆದಿಯಲ್ಲಿ ಮುಂಬಯಿ ವಿಧಾನ ಪರಿಷತ್ತಿನ ಸದಸ್ಯರಾಗಿಯೂ ಅವರು ಸೇವೆ ಸಲ್ಲಿಸಿದರು.

ಇಷ್ಟೇ ಆಗಿದ್ದರೂ ಒಬ್ಬ ಸಮರ್ಥ ಸಾರ್ವಜನಿಕ ಕಾರ್ಯಕರ್ತರೆಂಬ ಕೀರ್ತಿಗೆ ಅವರು ಪಾತ್ರರಾಗುತ್ತಿದ್ದರು. ಆದರೆ ವಿದ್ಯಾರ್ಥಿದೆಸೆಯ ಕೊನೆಯಲ್ಲಿ, ರಬಕವಿ–ಬನಹಟ್ಟಿಯ ಕಡೆ, ಮನೆಯೊಂದರಲ್ಲಿದ್ದ ತಾಳೆಯೋಲೆಯ ವಚನದ ಕಟ್ಟುಗಳು ಅವರ ಕಣ್ಣಿಗೆ ಬಿದ್ದಿದ್ದವು. ಅಂದು ಹುಟ್ಟಿದ ಕುತೂಹಲವು ಬಿಡುವಿನ ವೇಳೆಯ ಹವ್ಯಾಸವಾಯಿತು; ಹವ್ಯಾಸವು ಕ್ರಮೇಣ ವ್ರತವಾಯಿತು. ಕೋರ್ಟಿನ ಕೆಲಸ ತೀರಿದೊಡನೆ, ರಜೆಯ ದಿನ ಬಂದೊಡನೆ, ಓಲೆಗಳಿವೆಯೆಂದು ಕೇಳಿದ ಊರಿಗೆ ಹೊರಡುವುದು ಅವರ ಪದ್ಧತಿಯಾಯಿತು. ಮಠಗಳ ಜಗುಲಿ, ಜಂಗಮರ ಮನೆ, ಗೌಡರ ವಾಡೆ, ಬಡಭಕ್ತರ ದೇವರಕೋಣೆ, ಹೀಗೆ ಅಲೆದಲೆದು ಅವರು ಕೂಡಿಸಿದ ಕಟ್ಟುಗಳ ಸಂಖ್ಯೆ ಸಾವಿರಕ್ಕೂ ಮಿಕ್ಕಿದ್ದಿತು.

ಆ ಕಾಲದಲ್ಲಿ ವಚನದ ಕಟ್ಟುಗಳಿಗೆ ಒದಗಿದ್ದ ಗತಿಯನ್ನು ನಾವು ನೆನೆಯಬೇಕು. ಭಕ್ತರು ಅವುಗಳನ್ನು ವಸ್ತ್ರದಲ್ಲಿ ಸುತ್ತಿ, ವಿಭೂತಿ ಪತ್ರೆಗಳಿಂದ ಪೂಜಿಸುತ್ತಿದ್ದರು. ಬಿಚ್ಚಿ ಓದುವವರು ಮಾತ್ರ ಅಪರೂಪವಾಗಿದ್ದರು. ಪೂಜೆಯು ಹೊರಗೆ ನಡೆಯುತ್ತಿರಲು ಒಳಗೆ ಹುಳುಗಳು ಓಲೆಯನ್ನು ತಿನ್ನುತ್ತಿದ್ದವು. ಕನ್ನಡದ ಕವಿಗಳ ಚರಿತ್ರೆಯನ್ನು ಆರ್. ನರಸಿಂಹಾಚಾರ್ಯರು ಬರೆಯತೊಡಗಿದಾಗ ವಿದ್ವಾಂಸರಿಗೆ ತಿಳಿದಿದ್ದ ವಚನಕಾರರು ಐವತ್ತರಷ್ಟು ಮಾತ್ರ. ಹಳಕಟ್ಟಿಯವರ ಪರಿಶ್ರಮದಿಂದ ಆ ಸಂಖ್ಯೆಯು ಇನ್ನೂರೈವತ್ತರ ಸನಿಹಕ್ಕೆ ಏರಿತು. ಮಡಿವಾಳ, ಅಂಬಿಗ, ಮಾದಾರ, ಕಾಯಕದ ಹೆಣ್ಣುಮಕ್ಕಳು, ಹೀಗೆ ಹೆಸರನ್ನೇ ಕೇಳದಿದ್ದ ಎಷ್ಟೋ ಶರಣರು ಮತ್ತೊಮ್ಮೆ ಮಾತನಾಡತೊಡಗಿದರು.

ಇಲ್ಲಿ ವಾಚಕರು ವಿಶೇಷವಾಗಿ ಗಮನಿಸಬೇಕಾದ ಒಂದು ಸಂಗತಿಯುಂಟು. ಹಳಕಟ್ಟಿಯವರು ಶಾಸ್ತ್ರಿಗಳ ಪರಂಪರೆಯಲ್ಲಿ ಸಂಪಾದನವಿದ್ಯೆಯನ್ನು ಕಲಿತವರಲ್ಲ. ಅವರ ಕೈಯಲ್ಲಿದ್ದ ಉಪಕರಣವು ವಕೀಲಿಯೊಂದೇ. ಆದರೆ ಓಲೆಯ ಕಟ್ಟು ಎಂಬುದೂ ಒಂದು ದಸ್ತಾವೇಜು ತಾನೆ! ಪದಪದಗಳ ನಡುವೆ ಎಡೆಯಿಲ್ಲದೆ, ವಿರಾಮಚಿಹ್ನೆಯಿಲ್ಲದೆ ಕಂಟದಿಂದ ಕೊರೆದ ಬರೆಹ. ಮಸಿಯನ್ನು ತೊಡೆದ ಹೊರತು ಅಕ್ಷರವು ಕಾಣದು. ಒಂದು ಪ್ರತಿಯಲ್ಲಿ ಇರುವ ಪಾಠ ಇನ್ನೊಂದರಲ್ಲಿ ಇಲ್ಲ. ಒಬ್ಬರ ವಚನವು ಮತ್ತೊಬ್ಬರ ಹೆಸರಿನಲ್ಲಿ ಸೇರಿರುವುದೂ ಉಂಟು. ನಕಲು ಯಾವುದು, ಮೂಲಕ್ಕೆ ಸಮೀಪವಾದುದು ಯಾವುದು, ಸಾಕ್ಷಿಗಳು ಎಲ್ಲಿ ಹೊಂದುತ್ತವೆ, ಎಲ್ಲಿ ವಿರೋಧಿಸುತ್ತವೆ ಎಂದು ಒರೆಗೆ ಹಚ್ಚುವುದು ನ್ಯಾಯಾಲಯದಲ್ಲಿ ಅವರ ನಿತ್ಯದ ಕಾಯಕವಾಗಿದ್ದಿತು. ಕರಾರುಪತ್ರದ ಕೊನೆಯಲ್ಲಿ ಸಹಿಯಿರುವಂತೆ ವಚನದ ಕೊನೆಯಲ್ಲಿ ಅಂಕಿತವಿರುತ್ತದೆ. ಅದನ್ನು ಹಿಡಿದು ವಚನವನ್ನು ಅದರ ಒಡೆಯನಿಗೆ ಒಪ್ಪಿಸುವ ಕಾರ್ಯಕ್ಕೆ ವಕೀಲನ ಕಣ್ಣು ತಕ್ಕುದೇ ಆಗಿದ್ದಿತು. ಹಾಗೆಯೇ ಬ್ಯಾಂಕನ್ನು ಕಟ್ಟಿದ ಕೈಗೆ ಇನ್ನೊಂದು ಗುಣವೂ ಒಲಿದಿದ್ದಿತು. ತಲೆಮಾರುಗಳಿಂದ ಪೂಜಿಸಿಕೊಂಡು ಬಂದ ಕಟ್ಟನ್ನು ಅಪರಿಚಿತನ ಕೈಗೆ ಕೊಡುವುದೆಂದರೆ ಸಾಮಾನ್ಯವೇ? ಜನರು ಕೊಟ್ಟರು, ಠೇವು ಇಡುವಂತೆ ಕೊಟ್ಟರು. ಆ ಠೇವನ್ನು ಅವರು ಅಚ್ಚಿನ ರೂಪದಲ್ಲಿ, ಬಡ್ಡಿಸಮೇತವಾಗಿ, ಇಡಿಯ ನಾಡಿಗೆ ಹಿಂದಿರುಗಿಸಿದರು.

ಹಿಂದಿರುಗಿಸುವ ದಾರಿಯು ಸುಗಮವಾಗಿರಲಿಲ್ಲ. ಹಲವು ವರ್ಷಗಳ ಪರಿಶ್ರಮದಿಂದ ಸಿದ್ಧವಾದ ವಚನಶಾಸ್ತ್ರಸಾರದ ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳುಹಿಸಲಾಗಿ, ಅಲ್ಲಿ ಅದು ಅಚ್ಚಾಗದೆ ಮರಳಿತೆಂದು ಅವರ ಚರಿತ್ರಕಾರರು ಬರೆಯುತ್ತಾರೆ. ಕೊನೆಗೆ ಬೆಳಗಾವಿಯಲ್ಲಿ ಮುದ್ರಣವಾಗಿ, 1923ರಲ್ಲಿ ಅದರ ಮೊದಲನೆಯ ಭಾಗವು ಬೆಳಕು ಕಂಡಿತು. ಬೇರೆ ಬೇರೆ ಶರಣರ ವಚನಗಳನ್ನು ವಿಷಯಾನುಸಾರವಾಗಿ ಜೋಡಿಸಿದ ಆ ಗ್ರಂಥದಿಂದ, ಚದುರಿಬಿದ್ದ ಉಕ್ತಿಗಳ ಹಿಂದೆ ಒಂದು ಅಖಂಡವಾದ ಶಾಸ್ತ್ರವೇ ಇರುವುದೆಂದು ಜನರಿಗೆ ಮನವರಿಕೆಯಾಯಿತು. ಆದರೆ ಪ್ರತಿಯೊಂದು ಗ್ರಂಥಕ್ಕೂ ಪರರ ಅಚ್ಚುಕೂಟದ ಬಾಗಿಲಲ್ಲಿ ನಿಲ್ಲುತ್ತಿದ್ದರೆ ಒಂದು ಆಯುಷ್ಯವು ಸಾಲದು. 1925ರಲ್ಲಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿ, ಆ ಹಣದಿಂದ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸಿದರು.

ಮನೆ ಮಾರಿದ ಪುರುಷನನ್ನು ಹೊಗಳುವವರು ಬಹಳ. ಆ ಮನೆಯ ಗೃಹಿಣಿಯನ್ನು ನೆನೆಯುವವರು ವಿರಳ. ಧರ್ಮಪತ್ನಿ ಭಾಗೀರಥಿಯವರು ಅನುಕೂಲಸ್ಥ ಮನೆತನದಲ್ಲಿ ಬೆಳೆದು ಬಂದವರು. ವಕೀಲರ ಮನೆಯೆಂದರೆ ಸಂಪತ್ತು ಕೂಡುವ ಮನೆಯೆಂದು ಲೋಕವು ಬಗೆಯುತ್ತಿದ್ದ ಕಾಲದಲ್ಲಿ, ಆ ಸಂಸಾರವು ಬಾಡಿಗೆಯ ಮನೆಯಲ್ಲಿ ದಿನಗಳನ್ನು ನೂಕಬೇಕಾಯಿತು. ಕಕ್ಷಿದಾರರಿಗೆ ಸಲ್ಲಬೇಕಾದ ಹೊತ್ತು ಓಲೆಗಳಿಗೆ ಸಂದಂತೆಲ್ಲ ಆದಾಯವೂ ಇಳಿಮುಖವಾಯಿತು. ವಚನದ ಒಂದೊಂದು ಪುಟದ ಹಿಂದೆಯೂ ಆ ಮನೆಯ ಹೆಣ್ಣುಮಗಳ ತಾಳ್ಮೆಯು ಅಚ್ಚಾಗಿದೆಯೆಂದರೆ ಅತಿಶಯೋಕ್ತಿಯಾಗಲಾರದು. ದಾಸೋಹವು ಸತಿಪತಿಗಳಿಬ್ಬರದೂ ಆದಾಗಲೇ ಪೂರ್ಣವೆಂಬ ಶರಣರ ಮತಕ್ಕೆ ಇದಕ್ಕಿಂತ ಬೇರೆ ಉದಾಹರಣೆ ಬೇಕೆ?

1926ರಲ್ಲಿ ಶಿವಾನುಭವ ಪತ್ರಿಕೆಯು ಜನ್ಮತಾಳಿತು. ಮೊದಲು ತ್ರೈಮಾಸಿಕವಾಗಿ, ಬಳಿಕ ಮಾಸಿಕವಾಗಿ ಮೂರು ದಶಕಗಳಿಗೂ ಮಿಕ್ಕಿ ಅದು ನಡೆಯಿತು. ಮರುವರ್ಷ ನವಕರ್ನಾಟಕ ಎಂಬ ವಾರಪತ್ರಿಕೆಯೂ ಹೊರಟಿತು. ಲೇಖನವನ್ನು ಬರೆಯುವುದು, ಕರಡಚ್ಚನ್ನು ತಿದ್ದುವುದು, ಚಂದಾದಾರರ ಲೆಕ್ಕವನ್ನು ನೋಡುವುದು, ಈ ಎಲ್ಲ ಭಾರವೂ ಬಹುಮಟ್ಟಿಗೆ ಒಬ್ಬರ ಹೆಗಲ ಮೇಲೆಯೇ ಇದ್ದಿತು. 1930ರಲ್ಲಿ ಶೂನ್ಯಸಂಪಾದನೆಯನ್ನು ಅವರು ಪ್ರಕಟಿಸಿದರು. ಹರಿಹರನ ರಗಳೆಗಳೂ ಅವರ ಕೈಯಿಂದಲೇ ಹೊರಬಂದವು.

ನಾಡು ಅವರನ್ನು ಗುರುತಿಸದೆ ಇರಲಿಲ್ಲ. 1926ರಲ್ಲಿ ಬಳ್ಳಾರಿಯಲ್ಲಿ ಕೂಡಿದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವು ಅವರಿಗೆ ಒದಗಿತು. ಆಂಗ್ಲ ಸರಕಾರವು ರಾವ್ ಬಹದ್ದೂರ್ ಬಿರುದನ್ನಿತ್ತಿತು. ಕನ್ನಡನಾಡು ಒಂದಾದ 1956ರಲ್ಲಿಯೇ ಕರ್ನಾಟಕ ವಿಶ್ವವಿದ್ಯಾಲಯವು ಗೌರವ ಡಾಕ್ಟರೇಟ್ ಪದವಿಯನ್ನು ಅರ್ಪಿಸಿತು. ಬಿರುದುಗಳು ಬಂದವು, ಬಡತನವು ಹೋಗಲಿಲ್ಲ. ತಾವು ಕಟ್ಟಿದ ಸಂಸ್ಥೆಗಳಿಗೆ ಕಟ್ಟಡಗಳೆದ್ದವು. ಕಟ್ಟಿದವರಿಗೆ ಸ್ವಂತದ ಸೂರು ಉಳಿಯಲಿಲ್ಲ. 1964ನೆಯ ಇಸವಿ ಜೂನ್ 29ರಂದು ಅವರು ವಿಜಾಪುರದಲ್ಲಿಯೇ ಲಿಂಗೈಕ್ಯರಾದರು. ಎಂಬತ್ತನಾಲ್ಕು ವರ್ಷಗಳು ತುಂಬುವುದಕ್ಕೆ ಆಗ ಮೂರೇ ದಿನಗಳು ಉಳಿದಿದ್ದವು.

ಅವರು ಹಚ್ಚಿದ ದೀಪವು ಆರಲಿಲ್ಲ. ಕರ್ನಾಟಕ ಸರಕಾರವು 1993ರಲ್ಲಿ ಸಮಗ್ರ ವಚನ ಸಂಪುಟಗಳನ್ನು 15 ಸಂಪುಟಗಳಲ್ಲಿ ಹೊರತಂದಿತು. 2014ರಿಂದ ವಿಜಯಪುರವೆಂದು ಕರೆಯಿಸಿಕೊಳ್ಳುವ ಅದೇ ನಗರದಲ್ಲಿ ಅವರ ಹೆಸರಿನ ಸಂಶೋಧನ ಕೇಂದ್ರವೂ ವಿದ್ಯಾಲಯವೂ ಇವೆ.

ಹಾಗಾದರೆ ಪ್ರತಿಯೊಬ್ಬ ಗೃಹಸ್ಥನೂ ಮನೆ ಮಾರಬೇಕೆ? ಹಾಗಲ್ಲ. ಅದು ಆ ಮಹನೀಯರ ನಿಷ್ಠೆಯ ಪರಾಕಾಷ್ಠೆ. ಎಲ್ಲರಿಗೂ ವಿಧಿಸಬಹುದಾದ ನಿಯಮವಲ್ಲ. ನಾವು ಗ್ರಹಿಸಬೇಕಾದುದು ಅದರ ಹಿಂದಿನ ಹಾದಿಯನ್ನು. ಲೆಕ್ಕ ಬಲ್ಲವನು ಮಠದ ಲೆಕ್ಕವನ್ನು ಶುದ್ಧವಾಗಿ ಬರೆಯಲಿ. ವ್ಯಾಪಾರ ಬಲ್ಲವನು ಊರಿನ ಸಂಘವನ್ನು ಮುಳುಗದಂತೆ ನಡೆಸಲಿ. ವೈದ್ಯನು ವಾರದಲ್ಲೊಂದು ಹೊತ್ತು ಬಡವನ ನಾಡಿಯನ್ನು ಹಿಡಿಯಲಿ. ಓದುಬಲ್ಲ ತಾಯಿಯು ಮಕ್ಕಳಿಗೆ ದಿನಕ್ಕೊಂದು ವಚನದ ಅರ್ಥವನ್ನು ಬಿಡಿಸಿ ಹೇಳಲಿ. ಹಣದ ಕಾಣಿಕೆಯನ್ನು ಯಾರೂ ಕೊಡಬಹುದು. ನಮ್ಮ ನಮ್ಮ ಕಸುಬಿನ ಜಾಣ್ಮೆಯನ್ನು ನಾವೇ ಕೊಡಬೇಕು.

ಇನ್ನೊಂದು ಮಾತನ್ನು ಹೇಳಿ ಲೇಖನಿಯನ್ನು ಕೆಳಗಿಡುತ್ತೇವೆ. ಅಂದಿನ ಭಕ್ತರು ಓಲೆಯ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಪೂಜಿಸಿ, ಓದದೆ ಬಿಟ್ಟರೆಂದು ನಾವು ಮರುಗುತ್ತೇವೆ. ಇಂದು ನಮ್ಮ ಮನೆಗಳಲ್ಲಿ ವಚನದ ಸಂಪುಟಗಳು ಗಾಜಿನ ಕಪಾಟಿನೊಳಗೆ ಅಂದವಾಗಿ ನಿಂತಿವೆ. ಅವುಗಳ ಹಾಳೆಗಳು ಬಿಚ್ಚಿವೆಯೇ ಎಂದು ಪ್ರತಿಯೊಬ್ಬರೂ ತಮ್ಮ ಮನೆಯಲ್ಲಿ ನೋಡಿಕೊಳ್ಳುವುದು ಒಳ್ಳೆಯದು. ಜುಲೈ 2 ವರ್ಷವರ್ಷವೂ ಬರುತ್ತದೆ. ಆ ದಿನ ಭಾವಚಿತ್ರಕ್ಕೆ ಹಾರ ಹಾಕುವ ಮೊದಲು, ಕಪಾಟಿನಿಂದ ಒಂದು ಸಂಪುಟವನ್ನು ಹೊರತೆಗೆದು ಮನೆಮಂದಿಯೆಲ್ಲ ಕೂಡಿ ಒಂದು ಪುಟವನ್ನಾದರೂ ಓದಿದರೆ, ಹಳಕಟ್ಟಿಯವರಿಗೆ ಸಲ್ಲಬೇಕಾದ ಋಣದಲ್ಲಿ ಅಷ್ಟಾದರೂ ಸಂದಂತಾಗುವುದು.