ಶ್ರೀ ಸಿದ್ಧಾರೂಢರು

ಸಾಮಾನ್ಯನಿಗೆ ಭಿಕ್ಷೆ ಬೇಡುವುದು ಅವಮಾನದ ಮಾತು. ಆದರೆ ಸರ್ವಸ್ವವನ್ನೂ ತೊರೆದವನು ಕೈಯೊಡ್ಡಿದಾಗ ಅದು ದೈನ್ಯವೆನಿಸದು, ವ್ರತವೆನಿಸುತ್ತದೆ. ಕೊಡುವವನ ಲೋಭವನ್ನೂ ಬೇಡುವವನ ಅಹಂಕಾರವನ್ನೂ ಅದು ಏಕಕಾಲದಲ್ಲಿ ಕರಗಿಸುತ್ತದೆ. ಇಂಥ ವ್ರತವನ್ನು ಹಿಡಿದು, ಜನಸಾಮಾನ್ಯರ ನಡುವೆಯೇ ಬಾಳಿ ಬೆಳಕಾದವರು ಹುಬ್ಬಳ್ಳಿಯ ಶ್ರೀ ಸಿದ್ಧಾರೂಢರು.

ಸಿದ್ಧಾರೂಢರು 1836ರಲ್ಲಿ ಬೀದರ ಜಿಲ್ಲೆಯ ಚಳಕಾಪುರದಲ್ಲಿ ಜನಿಸಿದರು. ತಂದೆ ಗುರುಶಾಂತಪ್ಪ, ತಾಯಿ ದೇವಮಲ್ಲಮ್ಮ. ಬಾಲಕ ಸಿದ್ಧನಿಗೆ ಆಟಪಾಠಗಳಿಗಿಂತ ಆತ್ಮವಿಚಾರದಲ್ಲಿಯೇ ಒಲವು. ಎಳೆಯ ವಯಸ್ಸಿನಲ್ಲಿಯೇ ಮನೆಯನ್ನು ತೊರೆದು ಗುರುವನ್ನರಸುತ್ತ ಹೊರಟ ಆತನಿಗೆ ಗಜದಂಡ ಸ್ವಾಮಿಗಳ ಆಶ್ರಯ ದೊರೆಯಿತು. ಅಲ್ಲಿ ಗುರುಸೇವೆ ಮಾಡಿ, ವೇದಾಂತವನ್ನು ಮನನ ಮಾಡಿಕೊಂಡು, ಬಳಿಕ ಸಿದ್ಧರು ದೇಶಸಂಚಾರ ಕೈಕೊಂಡರು. ಕಾಲ್ನಡಿಗೆಯೇ ಅವರ ವಾಹನ. ಭಿಕ್ಷಾನ್ನವೇ ಅವರ ಆಹಾರ. ಹೀಗೆ ಅನೇಕ ವರ್ಷ ನಾಡುನಾಡುಗಳನ್ನು ಸುತ್ತಿ, ನಲವತ್ತರ ಆಸುಪಾಸಿನ ವಯಸ್ಸಿನಲ್ಲಿ ಅವರು ಹುಬ್ಬಳ್ಳಿಗೆ ಬಂದು ನೆಲೆಸಿದರು.

ಅಂದಿನ ಹುಬ್ಬಳ್ಳಿ ಅರಳೆಯ ವ್ಯಾಪಾರದಿಂದ ಬೆಳೆಯುತ್ತಿದ್ದ ಪಟ್ಟಣ. ಕೆಲವೇ ವರ್ಷಗಳಲ್ಲಿ ರೈಲುಮಾರ್ಗವೂ ರೈಲ್ವೆ ಕಾರ್ಯಾಗಾರವೂ ಅಲ್ಲಿಗೆ ಬಂದವು. ಹೊಟ್ಟೆಪಾಡಿಗಾಗಿ ನಾನಾ ಕಡೆಯ, ನಾನಾ ಭಾಷೆಯ ಜನ ಬಂದು ಸೇರಿದರು. ಊರು ಬಿಟ್ಟು ಬಂದವನಿಗೆ ಕೂಲಿ ದೊರೆಯಬಹುದು; ಆದರೆ ಆತ್ಮೀಯತೆ ಎಲ್ಲಿಂದ ದೊರೆಯಬೇಕು? ಈ ಕೊರತೆಯನ್ನು ತುಂಬಿದ್ದು ಸಿದ್ಧಾರೂಢರ ಸನ್ನಿಧಿ.

ಮೊದಮೊದಲು ಜನ ಅವರನ್ನು ಹುಚ್ಚನೆಂದು ಹಳಿದರು, ಪೀಡಿಸಿದರು ಎಂದು ಅವರ ಚರಿತ್ರೆಗಳು ಹೇಳುತ್ತವೆ. ಸಿದ್ಧರು ಯಾರನ್ನೂ ದ್ವೇಷಿಸಲಿಲ್ಲ. ನಿಜಗುಣ ಶಿವಯೋಗಿಗಳ ಶಾಸ್ತ್ರಗ್ರಂಥಗಳನ್ನು ತಿಳಿಗನ್ನಡದಲ್ಲಿ ವಿವರಿಸುತ್ತ, ಪಂಡಿತರ ಸೊತ್ತಾಗಿದ್ದ ವೇದಾಂತವನ್ನು ಒಕ್ಕಲಿಗನ ಮತ್ತು ಕೂಲಿಕಾರನ ಕಿವಿಗೂ ಮುಟ್ಟಿಸಿದರು. ಶಿವಪಂಚಾಕ್ಷರಿ ಮಂತ್ರವನ್ನು ಜಾತಿ, ಮತ, ಲಿಂಗಗಳ ಭೇದವಿಲ್ಲದೆ ಎಲ್ಲರಿಗೂ ಬೋಧಿಸಿದರು. ಅವರ ಶಿಷ್ಯರಲ್ಲಿ ಮುಸಲ್ಮಾನರೂ ಇದ್ದರು. ಮಡಿ-ಮೈಲಿಗೆಗಳ ಕಟ್ಟು ಬಿಗಿಯಾಗಿದ್ದ ಆ ಕಾಲದಲ್ಲಿ ಇದು ಅಲ್ಪ ಧೈರ್ಯದ ಕೆಲಸವಲ್ಲ.

ಇಂಥ ಭಿಕ್ಷುಗಳು ಅನ್ಯ ದೇಶಗಳಲ್ಲಿಯೂ ಆಗಿಹೋಗಿದ್ದಾರೆ. ಹದಿಮೂರನೆಯ ಶತಮಾನದ ಇಟಲಿಯಲ್ಲಿ ಅಸಿಸಿಯ ಫ್ರಾನ್ಸಿಸನು ಬಟ್ಟೆಯ ವ್ಯಾಪಾರಿಯಾದ ತಂದೆಯ ಸಂಪತ್ತನ್ನು ತೊರೆದು ಭಿಕ್ಷುವಾದನು. ಅವನ ಅನುಯಾಯಿಗಳು ಮಠದ ಗೋಡೆಗಳೊಳಗೆ ಉಳಿಯದೆ, ಬೆಳೆಯುತ್ತಿದ್ದ ಪಟ್ಟಣಗಳ ಬೀದಿಗಳಿಗೆ ಬಂದು, ಜನರ ನುಡಿಯಲ್ಲಿಯೇ ಧರ್ಮವನ್ನು ಸಾರಿದರು, ರೋಗಿಗಳನ್ನು ಉಪಚರಿಸಿದರು. ಕಾಲಾಂತರದಲ್ಲಿ ಅವರ ಸಂಘಕ್ಕೆ ಸಂಪತ್ತು ಬಂದಾಗ, ಬಡತನದ ವ್ರತ ಉಳಿಯುವ ಬಗೆ ಹೇಗೆಂಬ ವಿವಾದವೂ ಅವರಲ್ಲಿ ತಲೆದೋರಿತು.

ಸಿದ್ಧಾರೂಢರ ಮುಂದೆಯೂ ಈ ಪರೀಕ್ಷೆ ಬಾರದಿರಲಿಲ್ಲ. ಭಕ್ತರು ಬೆಳೆದಂತೆ ಕಾಣಿಕೆಗಳೂ ಬೆಳೆದವು; ಮಠ ತಲೆಯೆತ್ತಿತು. ಆದರೆ ಮಠಕ್ಕೆ ಬಂದುದು ದಾಸೋಹವಾಗಿ ಜನರಿಗೇ ಮರಳಿತು. ಭಕ್ತಸಮುದಾಯದ ನಡುವೆಯೂ ಸ್ವಾಮಿಗಳು ನಿರ್ಲಿಪ್ತರಾಗಿಯೇ ಉಳಿದರು. ಪಡೆದುದನ್ನು ಕೂಡಿಡದೆ ಹಂಚುವವನಿಗೆ ಸಂಪತ್ತು ಬಂಧನವಾಗದೆಂಬುದನ್ನು ಅವರ ಬಾಳು ತೋರಿಸಿತು.

1929ರ ಆಗಸ್ಟ್ ತಿಂಗಳಲ್ಲಿ ಸಿದ್ಧಾರೂಢರು ದೇಹವನ್ನು ತ್ಯಜಿಸಿದರು. ಮಹಾಶಿವರಾತ್ರಿಯ ಜಾತ್ರೆಗೆ ಇಂದಿಗೂ ಗಬ್ಬೂರಿನಂತಹ ನೆರೆಯ ಊರುಗಳಿಂದ ಮೊದಲ್ಗೊಂಡು ದೂರದ ಪ್ರಾಂತಗಳವರೆಗಿನ ಜನ ಬಂದು ತೇರೆಳೆಯುತ್ತಾರೆ. ಒಂದೇ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸುತ್ತಾರೆ. 2020ರಲ್ಲಿ ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಅವರ ಹೆಸರನ್ನಿಡಲಾಯಿತು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಅಲ್ಲಿಯ ಪ್ಲಾಟ್‌ಫಾರ್ಮ್ 2023ರಲ್ಲಿ ಉದ್ಘಾಟನೆಗೊಂಡಾಗ ಜಗತ್ತಿನಲ್ಲಿಯೇ ಅತಿ ಉದ್ದವಾದುದೆಂಬ ಕೀರ್ತಿಗೆ ಪಾತ್ರವಾಯಿತು. ಬರಿಗಾಲಿನಲ್ಲಿ ನಾಡನ್ನೆಲ್ಲ ಸುತ್ತಿ ಬಂದ ಭಿಕ್ಷುವಿನ ಹೆಸರನ್ನು ಅಲ್ಲಿ ಇಳಿಯುವ ಪ್ರತಿಯೊಬ್ಬ ಪ್ರಯಾಣಿಕನೂ ಓದುತ್ತಾನೆ. ಆದರೆ ಅವರ ನಿಜವಾದ ಸ್ಮಾರಕ ಹಸಿದವನ ಕುಲವನ್ನು ಕೇಳದೆ ಅನ್ನವಿಕ್ಕುವ ಆ ಪಂಕ್ತಿಯೇ ಆಗಿದೆ.