ರಾಬರ್ಟ್ ಓವನ್ನನ ಮೌನಸಾಕ್ಷಿ

ವೇಲ್ಸ್ ಸೀಮೆಯ ನ್ಯೂಟೌನ್ ಎಂಬ ಸಣ್ಣ ಊರಿನಲ್ಲಿ 1771ನೆಯ ಇಸವಿಯಲ್ಲಿ ರಾಬರ್ಟ್ ಓವನ್ನನು ಜನಿಸಿದನು. ತಂದೆಯು ಕುದುರೆಗಳಿಗೆ ಜೀನು ಮಾಡುವವನು. ಹತ್ತನೆಯ ವಯಸ್ಸಿನಲ್ಲಿಯೇ ಮನೆಬಿಟ್ಟು ಜವಳಿಯಂಗಡಿಯನ್ನು ಸೇರಿದ ಈ ಬಾಲಕನು, ಇಪ್ಪತ್ತರ ಆಸುಪಾಸಿನಲ್ಲಿ ಮ್ಯಾಂಚೆಸ್ಟರಿನ ದೊಡ್ಡದೊಂದು ನೂಲಿನ ಗಿರಣಿಗೆ ವ್ಯವಸ್ಥಾಪಕನಾದನು. 1800ರಲ್ಲಿ ಸ್ಕಾಟ್ಲೆಂಡಿನ ನ್ಯೂ ಲ್ಯಾನಾರ್ಕ್ ಗಿರಣಿಗಳ ಆಡಳಿತವನ್ನು ವಹಿಸಿಕೊಂಡನು.

ಅಲ್ಲಿ ಕಳವೂ ಕುಡಿತವೂ ಹೆಚ್ಚಾಗಿದ್ದುವು. ಹೊಸ ಯಜಮಾನನನ್ನು ಕೆಲಸಗಾರರು ನಂಬಲಿಲ್ಲ. ಓವನ್ನನು ಬೈಗುಳವನ್ನೂ ಹೊಡೆತವನ್ನೂ ನಿಷೇಧಿಸಿ, ಅವುಗಳ ಸ್ಥಾನದಲ್ಲಿ ವಿಚಿತ್ರವಾದೊಂದು ಏರ್ಪಾಡನ್ನು ಮಾಡಿದನು. ಪ್ರತಿಯೊಬ್ಬ ಕೆಲಸಗಾರನ ಸಮೀಪದಲ್ಲಿ ನಾಲ್ಕು ಮುಖಗಳ ಪುಟ್ಟ ಮರದ ತುಂಡೊಂದನ್ನು ತೂಗುಹಾಕಿಸಿದನು. ಹಿಂದಿನ ದಿನದ ನಡತೆ ಕೆಟ್ಟದಾಗಿದ್ದರೆ ಕಪ್ಪು, ಸಾಧಾರಣವಾಗಿದ್ದರೆ ನೀಲಿ, ಒಳ್ಳೆಯದಾಗಿದ್ದರೆ ಹಳದಿ, ಅತ್ಯುತ್ತಮವಾಗಿದ್ದರೆ ಬಿಳಿಯ ಮುಖವು ಎದುರಿಗೆ ಕಾಣುತ್ತಿತ್ತು. ಇದಕ್ಕೆ ಮೌನಸಾಕ್ಷಿಯೆಂದು ಹೆಸರಿಡಬಹುದು. ಓವನ್ನನು ಸಾಲುಗಳ ನಡುವೆ ಹಾದುಹೋಗುವಾಗ ತುಂಡನ್ನೂ ಅದರ ಒಡೆಯನನ್ನೂ ನೋಡುತ್ತಿದ್ದನು. ಒಂದು ಮಾತನ್ನೂ ಆಡುತ್ತಿರಲಿಲ್ಲ. ದಿನದಿನದ ಬಣ್ಣವು ನಡತೆಯ ಪುಸ್ತಕದಲ್ಲಿ ದಾಖಲಾಗುತ್ತಿತ್ತು.

ಬಣ್ಣವನ್ನು ನಿರ್ಣಯಿಸುವವರು ಮೇಲ್ವಿಚಾರಕರು. ಅವರಿಗೆ ಕೋಪತಾಪಗಳು, ಬೇಕಾದವರು ಬೇಡದವರು ಇರಲಾರರೇ? ಓವನ್ನನು ಇದನ್ನು ಮುಂಚಿತವಾಗಿಯೇ ಯೋಚಿಸಿದ್ದನು. ಮೇಲ್ವಿಚಾರಕರಿಗೂ ಇಂಥದೇ ತುಂಡುಗಳಿದ್ದುವು. ಅವನ್ನು ತಿರುಗಿಸುವವನು ಗಿರಣಿಯ ಮುಖ್ಯಸ್ಥನು. ತನಗೆ ಅನ್ಯಾಯವಾಯಿತೆಂದು ತೋರಿದವನು, ಬಣ್ಣವು ಪುಸ್ತಕಕ್ಕೇರುವ ಮೊದಲೇ ಯಜಮಾನನ ಬಳಿಗೆ ನೇರವಾಗಿ ಬಂದು ದೂರಿಕೊಳ್ಳಬಹುದಾಗಿತ್ತು. ವರ್ಷ ವರ್ಷಕ್ಕೂ ಅಂಕಗಳನ್ನು ಬರೆಯುತ್ತಲೇ ಇರುವ ನಮಗೆ, ನಾಲ್ಕು ಬಣ್ಣಗಳಿಗಿಂತಲೂ ಈ ಒಂದು ಬಾಗಿಲೇ ಹೆಚ್ಚಿನದಾಗಿ ಕಾಣುತ್ತದೆ.

ಕ್ರಮೇಣ ಕಪ್ಪು ಕಡಿಮೆಯಾಗಿ ಹಳದಿಯೂ ಬಿಳಿಯೂ ಹೆಚ್ಚಿದುವೆಂದೂ, ದೂರುಗಳು ಬಹಳ ವಿರಳವಾಗಿದ್ದುವೆಂದೂ ಓವನ್ನನೇ ತನ್ನ ಆತ್ಮಚರಿತ್ರೆಯಲ್ಲಿ ಬರೆದಿದ್ದಾನೆ. ಆದರೆ ಇದು ಯಜಮಾನನ ಸಾಕ್ಷ್ಯ. ಎಲ್ಲರ ಕಣ್ಣೆದುರಿಗೆ ಕಪ್ಪು ಮುಖದ ಕೆಳಗೆ ನಿಂತು ನೂಲು ತೆಗೆದ ಹುಡುಗಿಯ ಮನಸ್ಸನ್ನು ಆ ಪುಸ್ತಕವು ತಿಳಿಸುವುದಿಲ್ಲ. ಯಜಮಾನನ ತುಂಡನ್ನು ತಿರುಗಿಸುವವರಂತೂ ಯಾರೂ ಇರಲಿಲ್ಲ.

ಆದರೂ ಅವನಿಗೊಂದು ಪರೀಕ್ಷೆ ಬಾರದೆ ಇರಲಿಲ್ಲ. ಆ ಶತಮಾನದ ಮೊದಲ ದಶಕದಲ್ಲಿ ಅಮೇರಿಕಾದ ವ್ಯಾಪಾರನಿರ್ಬಂಧದಿಂದ ಹತ್ತಿಯ ಬೆಲೆ ವಿಪರೀತ ಏರಲು, ಓವನ್ನನು ಯಂತ್ರಗಳನ್ನು ನಾಲ್ಕು ತಿಂಗಳು ನಿಲ್ಲಿಸಿದನು. ಕೆಲಸಗಾರರಿಗೆ ಮಾತ್ರ ಪೂರ್ಣ ಕೂಲಿಯನ್ನು ಕೊಡುತ್ತ ಬಂದನು. ಜನರ ಅಪನಂಬಿಕೆಯು ಕರಗಿದ್ದು ಆಗಲೇ. 1816ರಲ್ಲಿ ಅಲ್ಲಿಯೇ ವಿದ್ಯಾಶಾಲೆಯನ್ನು ತೆರೆದನು. 1825ರಲ್ಲಿ ಅಮೇರಿಕಾದ ನ್ಯೂ ಹಾರ್ಮೊನಿಯಲ್ಲಿ ಸಮಾನರ ಊರೊಂದನ್ನು ಕಟ್ಟಲು ಹೋದನು. ಅದು ಮೂರು ವರ್ಷವೂ ಸರಿಯಾಗಿ ನಡೆಯಲಿಲ್ಲ. 1858ರಲ್ಲಿ, ತಾನು ಹುಟ್ಟಿದ ನ್ಯೂಟೌನಿಗೇ ಮರಳಿ, ಅಲ್ಲಿಯೇ ಕಾಲವಾದನು.