ಆಲಿವ್ ವಾಟ್ಕಿನ್ಸ್ ಸ್ಮಿತ್

ಆಲಿವ್ ವಾಟ್ಕಿನ್ಸ್ ಸ್ಮಿತ್ (1901–1983) ಅಮೆರಿಕದ ಜೀವರಸಾಯನ ವಿಜ್ಞಾನಿ. ಗರ್ಭಿಣಿಯರ ಅಧಿಕ ರಕ್ತದೊತ್ತಡಕ್ಕೂ ಜರಾಯು (ಮಾಸು) ಸ್ರವಿಸುವ ಹಾರ್ಮೋನುಗಳಿಗೂ ಇರುವ ಸಂಬಂಧವನ್ನು ಅಳೆದು ತೋರಿಸಿದ ಆರಂಭಿಕ ಸಂಶೋಧಕರಲ್ಲಿ ಇವರೂ ಒಬ್ಬರು. ಅದರ ಆಧಾರದ ಮೇಲೆ ಇವರು ಸೂಚಿಸಿದ ಚಿಕಿತ್ಸೆಯು ಮುಂದೆ ನಿಷ್ಫಲವೂ ಅಪಾಯಕಾರಿಯೂ ಎಂದು ಸಾಬೀತಾಯಿತು.

ಶಿಕ್ಷಣ ಮತ್ತು ವೃತ್ತಿ

ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಡಾಕ್ಟರೇಟ್ ಪಡೆದ ಆಲಿವ್, ಮ್ಯಾಸಚೂಸೆಟ್ಸ್ ರಾಜ್ಯದ ಬ್ರೂಕ್‌ಲೈನ್‌ನಲ್ಲಿದ್ದ ಮಹಿಳಾ ಆಸ್ಪತ್ರೆಯ ಫಿಯರಿಂಗ್ ಸಂಶೋಧನಾಲಯದಲ್ಲಿ ಸೇವೆ ಸಲ್ಲಿಸಿದರು. ಅದೇ ಆಸ್ಪತ್ರೆಯ ಸ್ತ್ರೀರೋಗ ತಜ್ಞ ಜಾರ್ಜ್ ವ್ಯಾನ್ ಸಿಕ್ಲೆನ್ ಸ್ಮಿತ್ ಇವರ ಪತಿ ಹಾಗೂ ಸಹಸಂಶೋಧಕರು.

ಜರಾಯು ಹಾರ್ಮೋನುಗಳ ಅಧ್ಯಯನ

ಗರ್ಭನಂಜು (ಪ್ರೀ-ಎಕ್ಲಾಂಪ್ಸಿಯಾ) ಸಾಮಾನ್ಯವಾಗಿ ಗರ್ಭಧಾರಣೆಯ 20 ವಾರಗಳ ನಂತರ ಕಾಣಿಸಿಕೊಳ್ಳುತ್ತದೆ. ರಕ್ತದೊತ್ತಡ ಏರಿ, ಮೂತ್ರದಲ್ಲಿ ಹೆಚ್ಚಾಗಿ ಪ್ರೋಟೀನ್ ಕಂಡುಬರುತ್ತದೆ. ರೋಗ ಉಲ್ಬಣಿಸಿದರೆ ಸೆಳವು ಬಂದು ತಾಯಿ ಮತ್ತು ಶಿಶು ಇಬ್ಬರ ಜೀವಕ್ಕೂ ಅಪಾಯವಾಗಬಹುದು. 1930ರ ದಶಕದಲ್ಲಿ ಸ್ಮಿತ್ ದಂಪತಿ ಇಂತಹ ಗರ್ಭಿಣಿಯರ ರಕ್ತ ಹಾಗೂ ಮೂತ್ರವನ್ನು ಪರೀಕ್ಷಿಸಿದರು. ಹಲವರಲ್ಲಿ ಕೋರಿಯಾನಿಕ್ ಗೊನಡೋಟ್ರೋಪಿನ್ ಹೆಚ್ಚಾಗಿದ್ದು, ಈಸ್ಟ್ರೋಜನ್ ಮತ್ತು ಪ್ರೊಜೆಸ್ಟರಾನ್ ಕಡಿಮೆಯಾಗಿದ್ದುದು ಕಂಡುಬಂದಿತು.

ಡಿ.ಇ.ಎಸ್. ಚಿಕಿತ್ಸೆ

ಹಾರ್ಮೋನುಗಳ ಈ ಕೊರತೆಯೇ ರೋಗಕ್ಕೆ ಕಾರಣವೆಂದು ದಂಪತಿ ಭಾವಿಸಿದರು. 1938ರಲ್ಲಿ ಇಂಗ್ಲೆಂಡಿನಲ್ಲಿ ಸಂಶ್ಲೇಷಿಸಲಾದ ಕೃತಕ ಈಸ್ಟ್ರೋಜನ್ ಆದ ಡೈಇಥೈಲ್‌ಸ್ಟಿಲ್ಬೆಸ್ಟ್ರಾಲ್ (ಡಿ.ಇ.ಎಸ್.) ನೀಡಿದರೆ ಜರಾಯು ಹೆಚ್ಚು ಪ್ರೊಜೆಸ್ಟರಾನ್ ಉತ್ಪಾದಿಸುತ್ತದೆ ಎಂಬುದು ಅವರ ತರ್ಕವಾಗಿತ್ತು. ಗರ್ಭದ ಆರಂಭದ ವಾರಗಳಲ್ಲಿ ದಿನಕ್ಕೆ 5 ಮಿಲಿಗ್ರಾಂನಿಂದ ತೊಡಗಿ 35ನೆಯ ವಾರಕ್ಕೆ 125 ಮಿಲಿಗ್ರಾಂವರೆಗೆ ಪ್ರಮಾಣವನ್ನು ಏರಿಸಲಾಗುತ್ತಿತ್ತು. 632 ಗರ್ಭಧಾರಣೆಗಳನ್ನು ಆಧರಿಸಿದ ಆಲಿವ್ ಅವರ 1948ರ ವರದಿಯು ಉತ್ತಮ ಫಲಿತಾಂಶವನ್ನು ಪ್ರಕಟಿಸಿತು. ಆದರೆ ಅದರಲ್ಲಿ ಹುಸಿಮಾತ್ರೆ ಪಡೆದ ಹೋಲಿಕೆಯ ಗುಂಪು ಇರಲಿಲ್ಲ.

1953ರಲ್ಲಿ ಷಿಕಾಗೋದ ವಿಲಿಯಂ ಡೀಕ್‌ಮನ್ ಮತ್ತು ಸಂಗಡಿಗರು 1,646 ಗರ್ಭಿಣಿಯರ ಪ್ರಯೋಗದಲ್ಲಿ ಡಿ.ಇ.ಎಸ್. ಅನ್ನು ಹುಸಿಮಾತ್ರೆಯೊಂದಿಗೆ ಹೋಲಿಸಿದರು. ಅದರಿಂದ ಗರ್ಭಪಾತವಾಗಲಿ ಗರ್ಭನಂಜಾಗಲಿ ತಗ್ಗಲಿಲ್ಲ. ಆದರೂ ಔಷಧದ ಬಳಕೆ ನಿಲ್ಲಲಿಲ್ಲ. ಬಾಸ್ಟನ್ನಿನಲ್ಲಿ ಅಪರೂಪದ ಯೋನಿ ಕ್ಯಾನ್ಸರ್‌ಗೆ ತುತ್ತಾದ 8 ಯುವತಿಯರ ಪೈಕಿ 7 ಮಂದಿಯ ತಾಯಂದಿರು ಗರ್ಭಿಣಿಯರಾಗಿದ್ದಾಗ ಈ ಔಷಧ ಸೇವಿಸಿದ್ದರೆಂದು 1971ರಲ್ಲಿ ತಿಳಿದುಬಂದಿತು. ಅದೇ ವರ್ಷ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಗರ್ಭಿಣಿಯರಿಗೆ ಇದನ್ನು ನೀಡಬಾರದೆಂದು ವೈದ್ಯರನ್ನು ಎಚ್ಚರಿಸಿತು.

ಮೌಲ್ಯಮಾಪನ

ಗರ್ಭನಂಜಿನ ಮೂಲ ಜರಾಯುವಿನಲ್ಲಿದೆ ಎಂಬ ನಿಲುವು ಇಂದಿಗೂ ಮಾನ್ಯವಾಗಿದೆ. 2003ರಲ್ಲಿ ಭಾರತೀಯ ಮೂಲದ ಅನಂತ್ ಕರುಮಂಚಿ ಮತ್ತು ಸಂಗಡಿಗರು, ಜರಾಯು ಅತಿಯಾಗಿ ಬಿಡುಗಡೆ ಮಾಡುವ ಎಸ್‌ಎಫ್‌ಎಲ್‌ಟಿ-1 ಎಂಬ ಪ್ರೋಟೀನು ತಾಯಿಯ ರಕ್ತನಾಳಗಳ ಒಳಪದರಕ್ಕೆ ಹಾನಿ ಮಾಡುತ್ತದೆಂದು ತೋರಿಸಿದರು. ಹಾರ್ಮೋನುಗಳ ಇಳಿತವನ್ನು ರೋಗದ ಕಾರಣ ಎನ್ನುವುದಕ್ಕಿಂತ ಜರಾಯುವಿನ ಅಸ್ವಸ್ಥತೆಯ ಲಕ್ಷಣವೆಂದು ಈಗ ಪರಿಗಣಿಸಲಾಗುತ್ತದೆ.